ತಾಳಗುಂದದ ತಟಾಕವೂ ಕಡಲ ಸಿಹಿನೀರೂ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಶಿಲಾಸ್ತಂಭವನ್ನು ಚರಿತ್ರಕಾರರು ಕದಂಬವಂಶದ ಮೂಲವನ್ನರಿಯುವುದಕ್ಕಾಗಿಯೂ, ಸಾಹಿತ್ಯಾಭ್ಯಾಸಿಗಳು ಕುಬ್ಜಕವಿಯ ಪ್ರೌಢವಾದ ಸಂಸ್ಕೃತ ಪದ್ಯಗಳಿಗಾಗಿಯೂ ಆದರಿಸುತ್ತ ಬಂದಿದ್ದಾರೆ. ಆದರೆ ಆ ಶಾಸನಕ್ಕೆ ನಿಮಿತ್ತವಾದುದು ವಂಶವರ್ಣನೆಯಲ್ಲ, ಒಂದು ಕೆರೆ. ಶಾತಕರ್ಣಿ ಮೊದಲಾದ ಅರಸರು ಪೂಜಿಸಿದ ಶಿವಾಲಯದ ಸನ್ನಿಧಿಯಲ್ಲಿ ಕಾಕುಸ್ಥವರ್ಮನು ಹೇರಳವಾದ ಜಲಸಂಗ್ರಹಕ್ಕೆಂದು ದೊಡ್ಡ ತಟಾಕವೊಂದನ್ನು ಮಾಡಿಸಿದನೆಂದೂ, ಅವನ ಮಗನಾದ ಶಾಂತಿವರ್ಮನ ಆಳಿಕೆಯಲ್ಲಿ ಕುಬ್ಜನು ಈ ಕಾವ್ಯವನ್ನು ಶಿಲೆಯ ಮೇಲೆ ಬರೆದನೆಂದೂ ಅದರಿಂದ ತಿಳಿಯಬರುತ್ತದೆ. ಕಾಲವು ಕ್ರಿ. ಶ. 5ನೆಯ ಶತಮಾನ. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ಣಾಟಿಕದ 7ನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದರು.

ಅರಸನು ಕೆರೆಯನ್ನು ಕಟ್ಟಿಸಿದುದನ್ನು ನಾವು ಸಾಮಾನ್ಯವಾಗಿ ಧರ್ಮಕಾರ್ಯವೆಂದೇ ಎಣಿಸುತ್ತೇವೆ. ಅದರ ಬೆಲೆಯನ್ನು ಶಕ್ತಿಯ ಲೆಕ್ಕದಿಂದ ಅಳೆಯುವುದು ಸಾಧ್ಯವೇ ಎಂಬುದು ಈ ಲೇಖನದ ವಿಷಯ. ಇದಕ್ಕೆ ತಕ್ಕ ಅಳತೆಗೋಲು ನಮ್ಮ ಕರಾವಳಿಯಲ್ಲಿಯೇ ದೊರೆತಿದೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಅಲ್ಲಿಯ ತೈಲಶುದ್ಧೀಕರಣ ಕಾರ್ಖಾನೆಯ ಉಪಯೋಗಕ್ಕಾಗಿ ದಿನಕ್ಕೆ 3 ಕೋಟಿ ಲೀಟರ್ ನೀರನ್ನು ಕಡಲಿನಿಂದ ಸಿಹಿಮಾಡಬಲ್ಲ ಸ್ಥಾವರವು 2022ರ ಸೆಪ್ಟೆಂಬರಿನಲ್ಲಿ ಲೋಕಾರ್ಪಣೆಯಾಯಿತು. ತಣ್ಣೀರಿನ ಬಾವಿಯ ಹೆಸರನ್ನು ಹೊತ್ತ ಊರಿನಲ್ಲಿ ಉಪ್ಪುನೀರನ್ನು ಶೋಧಿಸಬೇಕಾಗಿ ಬಂದುದು ವಿಚಾರಾರ್ಹವಾಗಿದೆ.

ಕಡಲ ನೀರಿನ ಒಂದು ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರನ್ನು ಮಾತ್ರ ಬಿಟ್ಟು ಲವಣವನ್ನು ತಡೆಯುವ ತೆಳುವಾದ ಪೊರೆಯ ಒಂದು ಬದಿಗೆ ಸಿಹಿನೀರನ್ನೂ ಇನ್ನೊಂದು ಬದಿಗೆ ಕಡಲ ನೀರನ್ನೂ ಇಟ್ಟರೆ, ಸಿಹಿನೀರು ತಾನಾಗಿಯೇ ಉಪ್ಪಿನ ಕಡೆಗೆ ಹರಿಯುವುದು. ಈ ಹರಿವನ್ನು ತಡೆದು ನಿಲ್ಲಿಸಲು ವಾಯುಮಂಡಲದ ಒತ್ತಡದ ಸುಮಾರು 27 ಪಟ್ಟು ಒತ್ತಡ ಬೇಕು. ಹಿಂದಕ್ಕೆ ತಿರುಗಿಸಲು 55ರಿಂದ 70 ಪಟ್ಟು ಒತ್ತಡವನ್ನು ಪಂಪುಗಳು ಒದಗಿಸಬೇಕು. ಜನರು ಆರ್. ಓ. ಎಂದು ಕರೆಯುವ ಕ್ರಮವು ಇದೇ. ಕಡಲ ನೀರಿನ ಅರ್ಧಪಾಲನ್ನು ಸಿಹಿಯಾಗಿ ತೆಗೆಯುವುದಾದರೆ, ಪ್ರಕೃತಿನಿಯಮದಂತೆ ಒಂದು ಘನ ಮೀಟರ್ ಸಿಹಿನೀರಿಗೆ ಸುಮಾರು 1 ಯೂನಿಟ್ ವಿದ್ಯುತ್ತು ತಪ್ಪದು; ವ್ಯವಹಾರದಲ್ಲಿ 3ರಿಂದ 4 ಯೂನಿಟ್ ಬೇಕಾಗುತ್ತದೆ. ಈ ಲೆಕ್ಕದಂತೆ 3 ಕೋಟಿ ಲೀಟರಿಗೆ ದಿನವೊಂದಕ್ಕೆ 90,000ದಿಂದ 1,20,000 ಯೂನಿಟ್ ಆಗುವುದು.

ಇನ್ನು ಸೂರ್ಯನ ಕ್ರಮವನ್ನು ನೋಡೋಣ. ರಘುವಂಶದ ಮೊದಲನೆಯ ಸರ್ಗದಲ್ಲಿ ಕಾಳಿದಾಸನು ರಾಜನ ಕರಗ್ರಹಣವನ್ನು ಸೂರ್ಯನ ರಸಗ್ರಹಣಕ್ಕೆ ಹೋಲಿಸಿರುವುದು ವಾಚಕರಿಗೆ ವಿದಿತವಾಗಿಯೇ ಇದೆ. ಒಂದು ಘನ ಮೀಟರ್ ನೀರನ್ನು ಕಡಲಿನಿಂದ ಆವಿಯಾಗಿಸಲು ಸುಮಾರು 680 ಯೂನಿಟ್‌ಗೆ ಸಮನಾದ ಶಾಖವು ವೆಚ್ಚವಾಗುತ್ತದೆ. ಪೊರೆಯು ನೀರನ್ನು ಆವಿಯಾಗಿಸದೆಯೇ ಬೇರ್ಪಡಿಸುವುದರಿಂದ ಅದು ಸೂರ್ಯನಿಗಿಂತ ಮಿತವ್ಯಯಿ. ಆದರೆ ಸೂರ್ಯನು ಮೂಲ್ಯವನ್ನು ಕೇಳುವುದಿಲ್ಲ; ಅದಲ್ಲದೆ ನೈರುತ್ಯ ಮಾರುತವು ಆ ನೀರನ್ನು ಘಟ್ಟದ ಮೇಲಕ್ಕೂ ತಂದುಕೊಡುತ್ತದೆ. ಶಿಕಾರಿಪುರವು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಒಂದು ಘನ ಮೀಟರ್ ನೀರನ್ನು ಅಷ್ಟು ಮೇಲಕ್ಕೆತ್ತಲು, ಯಂತ್ರದ ನಷ್ಟವನ್ನು ಬಿಟ್ಟರೂ, ಇನ್ನೂ 1.6 ಯೂನಿಟ್ ಬೇಕು. ಆದುದರಿಂದ ಶಿಕಾರಿಪುರ ಸೊರಬಗಳಲ್ಲಿ ಬೀಳುವ ಮಳೆಯು ಸಿಹಿಯಾಗಿಸಿ ಎತ್ತಿಕೊಟ್ಟ ಕಡಲ ನೀರೇ ಆಗಿದೆ. ಕೆರೆಯು ಅದನ್ನು ತುಂಬಿಕೊಳ್ಳುವ ಪಾತ್ರೆ.

ಆದರೂ ಕೆರೆಯ ನೀರು ವೆಚ್ಚವಿಲ್ಲದ್ದೆಂದು ಭಾವಿಸುವುದು ತಪ್ಪಾದೀತು. ವರ್ಷವರ್ಷವೂ ಹೂಳು ತುಂಬುತ್ತದೆ, ಏರಿ ಕುಸಿಯುತ್ತದೆ, ತೂಬು ಕಟ್ಟಿಕೊಳ್ಳುತ್ತದೆ. ಈ ಸಾಲವನ್ನು ತೀರಿಸಲು ಬೇಕಾದುದು ಮನುಷ್ಯರ ಮತ್ತು ಎತ್ತುಗಳ ದುಡಿಮೆ. ಕನ್ನಡ ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಮಾತುಗಳು ಈ ದುಡಿಮೆಗೆ ಏರ್ಪಡಿಸಿದ ಶಾಶ್ವತ ಆದಾಯದ ಹೆಸರುಗಳು. ಕಟ್ಟಿದವನ ಕೀರ್ತಿಯನ್ನು ಕಾವ್ಯವು ಹಾಡಿತು. ಉಳಿಸಿದವರ ಕೆಲಸವು ಈ ಚಿಕ್ಕ ಪಾರಿಭಾಷಿಕ ಶಬ್ದಗಳಲ್ಲಿ ಅಡಗಿಕೊಂಡಿದೆ. ಪದ್ಯಕ್ಕೆ ಸಂದ ಗಮನವು ಈ ಶಬ್ದಗಳಿಗೆ ಸಂದಿಲ್ಲ.

ಸೊರಬದ ಕಡೆಯ ದಂಡಾವತಿಯು ವರದೆಯನ್ನು ಸೇರಿ, ವರದೆಯೂ ಶಿಕಾರಿಪುರದ ಕುಮುದ್ವತಿಯೂ ತುಂಗಭದ್ರೆಯನ್ನು ಕೂಡುವುವು. ಈ ಶತಮಾನದಲ್ಲಿ ಶಿಕಾರಿಪುರ ತಾಲ್ಲೂಕಿನ ಕೆರೆಗಳನ್ನು ತುಂಬಿಸಲು ತುಂಗಭದ್ರೆಯಿಂದ ನೀರನ್ನು ಪಂಪುಗಳಿಂದ ಎತ್ತುವ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಯೋಜನೆಯನ್ನು ಕೈಗೊಳ್ಳಲಾಯಿತು. ಬೆಳೆ ಒಣಗುವ ರೈತನಿಗೆ ಅದು ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಕಾಕುಸ್ಥವರ್ಮನ ತಟಾಕದಿಂದ ಚರಿತ್ರೆಯಲ್ಲಿ ಪ್ರಸಿದ್ಧವಾದ ಊರಿನ ಹೆಸರು ಏತದ ಯೋಜನೆಗೆ ಸೇರಿರುವುದು ಒಂದು ಪಾಠವನ್ನು ಹೇಳುತ್ತದೆ. ಪಂಪು ನೀರನ್ನು ಎತ್ತಬಲ್ಲುದು, ಹೂಳನ್ನು ತೆಗೆಯಲಾರದು. ಹೂಳು ತುಂಬಿದ ಕೆರೆಯಲ್ಲಿ ಪುಕ್ಕಟೆಯಾಗಿ ಬಂದ ಮಳೆಯೂ ನಿಲ್ಲದು, ಬೆಲೆಕೊಟ್ಟು ತಂದ ಹೊಳೆಯೂ ನಿಲ್ಲದು. ಎರಡು ತಾಲ್ಲೂಕುಗಳ ಶಾಸನಗಳಲ್ಲಿರುವ ಕೆರೆಯ ಉಲ್ಲೇಖಗಳನ್ನು ಇಂದಿನ ಕೆರೆಗಳೊಡನೆ ಒಂದೊಂದಾಗಿ ಗುರುತಿಸಿ ಪಟ್ಟಿಮಾಡುವುದು ಸಂಶೋಧಕರು ಮಾಡಬಹುದಾದ ಕೆಲಸ. ಅದರಿಂದ ಶಾಸನಾಭ್ಯಾಸಕ್ಕೂ, ಕೆರೆಗಳಿಗೂ ಉಪಕಾರವಾಗುವುದು.