ವೀರ್ಯಾಣುವಿನ ಪ್ರೋಟೀನ್ ಪಟ್ಟಿ: ಕಂಡದ್ದು, ಕಾಣದ್ದು

ಪಕ್ವ ವೀರ್ಯಾಣುವಿನಲ್ಲಿ ಜೀನ್‌ಗಳು ಬಹುಮಟ್ಟಿಗೆ ನಿಷ್ಕ್ರಿಯ. ವೃಷಣದಲ್ಲಿ ಅದು ರೂಪುಗೊಳ್ಳುವಾಗಲೇ ಡಿಎನ್‌ಎ ಸುತ್ತಿಕೊಂಡಿದ್ದ ಹಿಸ್ಟೋನ್‌ಗಳಲ್ಲಿ ಹೆಚ್ಚಿನವು ಹೊರಬಿದ್ದು, ಆ ಜಾಗಕ್ಕೆ ಪ್ರೋಟಮೀನ್‌ಗಳು ಬರುತ್ತವೆ; ಕೋಶಕೇಂದ್ರ ಬಿಗಿದುಕೊಂಡು ಹೊಸ ಆರ್‌ಎನ್‌ಎ ತಯಾರಿ ನಿಲ್ಲುತ್ತದೆ. ವೃಷಣಕ್ಕೆ ಅಂಟಿಕೊಂಡ ನಾಳವಾದ ಎಪಿಡಿಡಿಮಿಸ್‌ನಲ್ಲಿ ಸಾಗುವಾಗ ಅದು ಹೊರಗಿನಿಂದ ಕೆಲವು ಪ್ರೋಟೀನ್‌ಗಳನ್ನು ಪಡೆದು ಕೆಲವನ್ನು ಕಳೆದುಕೊಳ್ಳುತ್ತದೆ. 1951ರಲ್ಲಿ ಚಾಂಗ್ ಮತ್ತು ಆಸ್ಟಿನ್ ಪ್ರತ್ಯೇಕವಾಗಿ ಗುರುತಿಸಿದ ಕೆಪಾಸಿಟೇಶನ್, ಅಂದರೆ ಹೆಣ್ಣಿನ ಜನನಾಂಗದೊಳಗೆ ವೀರ್ಯಾಣು ನಿಷೇಚನದ ಸಾಮರ್ಥ್ಯ ಗಳಿಸುವ ಹಂತದಲ್ಲೂ, ನಡೆಯುವುದು ಮುಖ್ಯವಾಗಿ ಇದ್ದ ಪ್ರೋಟೀನ್‌ಗಳ ಮಾರ್ಪಾಟು. ಹಾಗಾಗಿ ಈ ಕೋಶವನ್ನು ಅರಿಯಲು ಜೀನ್‌ಗಳ ಚಟುವಟಿಕೆಗಿಂತ ಪ್ರೋಟೀನ್‌ಗಳನ್ನೇ ನೇರವಾಗಿ ಓದುವುದು ಲೇಸು.

ಓದಿನ ಪಟ್ಟಿಯೇನೋ ಬೇಗ ಬೆಳೆಯಿತು. 2006ರಲ್ಲಿ ಹಣ್ಣುನೊಣದ ವೀರ್ಯಾಣುವಿನಲ್ಲಿ 381 ಪ್ರೋಟೀನ್‌ಗಳು ವರದಿಯಾದವು. 2014ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಮನುಷ್ಯ ವೀರ್ಯಾಣುವಿನ ಪ್ರೋಟೀನ್‌ಗಳ ಸಂಖ್ಯೆ 6,198ಕ್ಕೆ ಏರಿತು. ಅದೇ ವರ್ಷ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು ಪ್ರಕಟಿಸಿದ ಮಾನವ ಪ್ರೋಟಿಯೋಮ್ ನಕ್ಷೆಯಲ್ಲಿ ವೃಷಣದ ಅಂಗಾಂಶವೂ ಸೇರಿತ್ತು.

ಆದರೆ ಪಟ್ಟಿ ಉದ್ದವಾದಷ್ಟೂ ತಿಳಿವಳಿಕೆ ಹೆಚ್ಚಿತೆಂದು ನಾನು ಒಪ್ಪಲಾರೆ. ವೀರ್ಯಾಣುವಿನಲ್ಲಿ ಕೋಶದ್ರವ ತೀರ ಕಡಿಮೆ. ಹಾಗಾಗಿ ಮಾದರಿಯಲ್ಲಿ ಒಂದಿಷ್ಟು ಬಿಳಿರಕ್ತಕಣಗಳು ಉಳಿದರೂ ಅವುಗಳ ಪ್ರೋಟೀನ್‌ಗಳು ವೀರ್ಯಾಣುವಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ಇದಕ್ಕಿಂತ ವಿಚಿತ್ರವಾದದ್ದು ಪ್ರೋಟಮೀನ್‌ನ ಕಥೆ. ತೂಕ ಅಳೆದು ಪ್ರೋಟೀನ್ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಒಡ್ಡುವ ಮೊದಲು ಪ್ರೋಟೀನ್‌ಗಳನ್ನು ಸಾಮಾನ್ಯವಾಗಿ ಟ್ರಿಪ್ಸಿನ್ ಕಿಣ್ವದಿಂದ ತುಂಡರಿಸುತ್ತಾರೆ. ಅದು ಕತ್ತರಿಸುವುದು ಲೈಸೀನ್ ಮತ್ತು ಆರ್ಜಿನೀನ್‌ಗಳ ಬಳಿ. ಮನುಷ್ಯನ ಪ್ರೋಟಮೀನ್-1ರಲ್ಲಿ ಇರುವುದು ಸುಮಾರು 50 ಅಮೈನೋ ಆಮ್ಲ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಆರ್ಜಿನೀನ್. ಟ್ರಿಪ್ಸಿನ್ ಅದನ್ನು ಎಷ್ಟು ಸಣ್ಣಗೆ ಕೊಚ್ಚುತ್ತದೆಂದರೆ ಉಳಿದ ಚೂರುಗಳಿಂದ ಗುರುತು ಹಿಡಿಯುವುದೇ ಕಷ್ಟ. ಕೋಶಕೇಂದ್ರವನ್ನು ತುಂಬಿಕೊಂಡ ಪ್ರೋಟೀನೇ ಪಟ್ಟಿಯಿಂದ ನುಣುಚಿಕೊಳ್ಳಬಹುದು!

ಫಲ ಕೊಟ್ಟ ದಾರಿ ಬೇರೆ. ವೀರ್ಯಾಣು ಮತ್ತು ಅಂಡದ ಬೆಸುಗೆಯನ್ನು ತಡೆಯುವ ಓಬಿಎಫ್13 ಎಂಬ ಪ್ರತಿಕಾಯ ಮಸಾರು ಒಕಾಬೆಯವರ ಬಳಿ ಮೊದಲೇ ಇತ್ತು. ಅದು ಯಾವ ಪ್ರೋಟೀನಿಗೆ ಅಂಟುತ್ತದೆಂಬುದು ಗೊತ್ತಿರಲಿಲ್ಲ. ಒಸಾಕಾ ವಿಶ್ವವಿದ್ಯಾಲಯದ ಅವರ ತಂಡ ಇಲಿಯ ವೀರ್ಯಾಣುವಿನ ಪ್ರೋಟೀನ್‌ಗಳನ್ನು ಜೆಲ್ ಮೇಲೆ ಬಿಡಿಸಿ, ಪ್ರತಿಕಾಯ ತೋರಿಸಿದ ಚುಕ್ಕೆಯನ್ನಷ್ಟೇ ಸ್ಪೆಕ್ಟ್ರೋಮೀಟರ್‌ಗೆ ಕೊಟ್ಟಿತು. 2005ರಲ್ಲಿ ಪ್ರಕಟವಾದ ಆ ಪ್ರೋಟೀನಿಗೆ ಮದುವೆಗೆ ಹೆಸರಾದ ಜಪಾನಿನ ದೇವಾಲಯದ ನೆನಪಿನಲ್ಲಿ ಇಝುಮೊ ಎಂದು ಹೆಸರಿಟ್ಟರು. ಅದಿಲ್ಲದ ಗಂಡಿಲಿಗಳ ವೀರ್ಯಾಣುಗಳು ಈಜಿದವು, ಅಂಡದ ಹೊರಕವಚವನ್ನೂ ದಾಟಿದವು. ಬೆಸೆದುಕೊಳ್ಳಲು ಮಾತ್ರ ಆಗಲಿಲ್ಲ.

ಇಝುಮೊದ ಜೊತೆಗಾತಿಯನ್ನು ಹುಡುಕುವಾಗ ವಿಧಾನ ಬದಲಿಸಬೇಕಾಯಿತು. ಪೊರೆಯ ಮೇಲಿನ ಪ್ರೋಟೀನ್‌ಗಳ ಪರಸ್ಪರ ಹಿಡಿತ ಸಡಿಲ. ಮಾದರಿ ತೊಳೆಯುವಾಗಲೇ ಅವು ಬಿಟ್ಟುಕೊಳ್ಳುತ್ತವೆ. ಕೇಂಬ್ರಿಜ್ ಸಮೀಪದ ಸ್ಯಾಂಗರ್ ಸಂಸ್ಥೆಯಲ್ಲಿ ಬಿಯಾಂಕಿ, ರೈಟ್ ಮೊದಲಾದವರು ಹಲವು ಇಝುಮೊ ಪ್ರತಿಗಳನ್ನು ಒಟ್ಟಿಗೆ ಜೋಡಿಸಿ ಹಿಡಿತ ಬಲಪಡಿಸಿದರು. 2014ರಲ್ಲಿ ಅಂಡದ ಮೇಲಿನ ಜೂನೊ ಪ್ರೋಟೀನ್ ಸಿಕ್ಕಿದ್ದು ಹೀಗೆ. 2024ರಲ್ಲಿ ಆಂಡ್ರಿಯಾ ಪೌಲಿ ಅವರ ಗುಂಪು ಪ್ರೋಟೀನ್ ರಚನೆ ಊಹಿಸುವ ಆಲ್ಫಾಫೋಲ್ಡ್ ಲೆಕ್ಕಾಚಾರದ ಸುಳಿವು ಹಿಡಿದು, ವೀರ್ಯಾಣುವಿನ ಮೇಲೆ ಇಝುಮೊ1 (ಮೇಲೆ ಹೇಳಿದ ಇಝುಮೊವೇ), ಸ್ಪಾಕಾ6 ಮತ್ತು ಟಿಎಂಇಎಂ81 ಒಂದು ಕೂಟವಾಗಿ ನಿಲ್ಲುತ್ತವೆಂದು ತೋರಿಸಿತು. ಜೀಬ್ರಾಮೀನಿನಲ್ಲಿ ಈ ಕೂಟ ಅಂಡದ ಬೌನ್ಸರ್ ಪ್ರೋಟೀನಿಗೆ ಅಂಟುತ್ತದೆ; ಸಸ್ತನಿಗಳಲ್ಲಿ ಆ ಜಾಗ ಜೂನೊದ್ದು.