ಮಹಾಂತ ಜೋಳಿಗೆ
ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಪೀಠಾಧಿಪತಿಗಳಾಗಿದ್ದ ಡಾ. ಮಹಾಂತ ಶಿವಯೋಗಿಗಳು (1930–2018) 1975ರಲ್ಲಿ ಆರಂಭಿಸಿದ ವ್ಯಸನಮುಕ್ತಿ ಅಭಿಯಾನ.

ಸಾಲ, ಜಗಳ, ಕಾಯಿಲೆ ಎಂದು ಮನೆಮಂದಿ ತೋಡಿಕೊಳ್ಳುವ ಕಷ್ಟಗಳ ಬೇರು ಅನೇಕ ವೇಳೆ ಚಟದಲ್ಲಿರುತ್ತದೆ ಎಂಬ ಅರಿವೇ ಇದರ ತಳಹದಿ. ಕಷ್ಟಕ್ಕೆ ಸಮಾಧಾನ ಹೇಳಿ ಕಳಿಸಿದರೆ ಸಾಲದು, ಬೇರನ್ನೇ ಕೀಳಬೇಕು. ಹೀಗಾಗಿ, ಕಾಳು ಕಾಸು ಬೇಡುವ ಜೋಳಿಗೆಯನ್ನು ಸ್ವಾಮಿಗಳು ಹೆಗಲಿಗೇರಿಸಿ ಊರೂರು ತಿರುಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಕುಡಿತ, ಬೀಡಿ, ತಂಬಾಕು ಬಿಡಲು ಮನಸ್ಸು ಮಾಡಿದವರು ತಮ್ಮ ಚಟವನ್ನು ತಾವೇ ಹೆಸರಿಸಿ, ಜೋಳಿಗೆಗೆ ಹಾಕಿ, ಮತ್ತೆ ಮುಟ್ಟುವುದಿಲ್ಲವೆಂದು ಮಾತು ಕೊಡುತ್ತಿದ್ದರು. ತಪ್ಪನ್ನು ಗುರು ಎತ್ತಿ ಆಡುವುದಕ್ಕಿಂತ ವ್ಯಸನಿಯೇ ಕಂಡುಕೊಳ್ಳುವುದು ಈ ಕ್ರಮದ ಸತ್ವ.

ಮಹಾಂತ ಶಿವಯೋಗಿಗಳ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ.