ಪ್ಯಾರಾಗ್ಲೈಡಿಂಗ್: ಶೀಘ್ರವಾಗಿ ಕೆಳಗಿಳಿಯುವ ಸುರಕ್ಷಿತ ವಿಧಾನಗಳು

ಗುಡುಗು ಮೋಡಗಳ ಅಡಿಯಲ್ಲಿ ಗಾಳಿಯು ಪ್ರಬಲವಾಗಿ ಮೇಲಕ್ಕೇರುವುದರಿಂದ, ಪೈಲಟ್ ಇಚ್ಛಿಸಿದರೂ ಕೆಳಗಿಳಿಯಲಾಗದ ಪರಿಸ್ಥಿತಿ ಉಂಟಾಗಬಹುದು. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲಾ ಬಳಿ ಇಂತಹ ಮೋಡವು ಜರ್ಮನಿಯ ಏವಾ ವಿಸ್ನಿಯೆರ್ಸ್ಕಾ ಅವರನ್ನು 9,900 ಮೀಟರ್‌ಗೂ ಮೀರಿದ ಎತ್ತರಕ್ಕೆ ಒಯ್ದಿತು. ಪ್ರಜ್ಞೆ ತಪ್ಪಿದ ಅವರು ಬದುಕುಳಿದರು; ಅದೇ ಬಿರುಗಾಳಿಗೆ ಸಿಲುಕಿದ ಚೀನಾದ ಪೈಲಟ್ ಒಬ್ಬರು ಮೃತಪಟ್ಟರು.

ಪ್ರಮುಖ ವಿಧಾನಗಳು ಈ ಕೆಳಗಿನಂತಿವೆ:

1. ಬಿಗ್ ಇಯರ್ಸ್: ಹೊರಬದಿಯ ‘ಎ’ ದಾರಗಳನ್ನು ಎಳೆದು ರೆಕ್ಕೆಯ ಎರಡೂ ತುದಿಗಳನ್ನು ಮಡಚುವುದು. ಆನಂತರ ವೇಗವರ್ಧಕವನ್ನು ಒತ್ತಿದಲ್ಲಿ ಇಳಿಕೆಯು ಸೆಕೆಂಡಿಗೆ ಸುಮಾರು 3ರಿಂದ 5 ಮೀಟರ್ ಆಗುತ್ತದೆ. ಮುಂದಕ್ಕೆ ಸಾಗಿ ಮೋಡದಿಂದ ದೂರ ಸರಿಯಲೂ ಸಾಧ್ಯ.

2. ಬಿ-ಸ್ಟಾಲ್: ‘ಬಿ’ ಪಟ್ಟಿಗಳೆರಡನ್ನೂ ಸಮನಾಗಿ ಎಳೆಯುವುದು. ಇಳಿಕೆ ಹೆಚ್ಚುತ್ತದೆ, ಆದರೆ ಮುನ್ನಡೆ ನಿಲ್ಲುತ್ತದೆ. ಬಿಡುವಾಗ ಎರಡನ್ನೂ ಏಕಕಾಲಕ್ಕೆ ಬಿಡತಕ್ಕದ್ದು. ಎಲ್ಲ ರೆಕ್ಕೆಗಳಿಗೂ ಇದು ಸೂಕ್ತವಲ್ಲ.

3. ಸ್ಪೈರಲ್: ಕಡಿದಾಗಿ ಸುತ್ತುತ್ತಾ ಇಳಿಯುವುದು. ವೇಗವು ಸೆಕೆಂಡಿಗೆ 10 ಮೀಟರ್ ಮೀರಬಹುದು. ಪ್ರಜ್ಞೆ ತಪ್ಪುವ ಅಪಾಯವಿರುವುದರಿಂದ, ಸಾಕಷ್ಟು ಎತ್ತರವಿರುವಾಗಲೇ ಹಂತಹಂತವಾಗಿ ಹೊರಬರಬೇಕು.

ಇವುಗಳನ್ನು ತಯಾರಕರ ಕೈಪಿಡಿಯಂತೆ, ಅರ್ಹ ತರಬೇತುದಾರರ ಮಾರ್ಗದರ್ಶನದಲ್ಲಿ ಮಾತ್ರ ಅಭ್ಯಸಿಸತಕ್ಕದ್ದು. ಪ್ರಬಲ ಮೇಲ್ಸೆಳೆತದ ಮುಂದೆ ಯಾವ ವಿಧಾನವೂ ಸಾಲದೆ ಹೋಗಬಹುದು. ಆದ್ದರಿಂದ ಮೋಡವು ಗೋಪುರದಂತೆ ಬೆಳೆಯುತ್ತಿರುವುದು ಕಂಡೊಡನೆ ಅಲ್ಲಿಂದ ದೂರ ಸರಿದು ನೆಲಕ್ಕಿಳಿಯುವುದೇ ಸುರಕ್ಷಿತ ಕ್ರಮವಾಗಿರುತ್ತದೆ.